ವಾಪಸ್ ಹೋದ ಕ್ಯಾನು

ಆ ಬೆಳಿಗ್ಗೆ ಬಡಗಿ ತಂದ ಕ್ಯಾನು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಾಲಿನ ಕೇಂದ್ರದ ಮುಂದೆ ಸಾಲುಗಟ್ಟಿದ್ದ ಬೇರೆ ಕ್ಯಾನುಗಳೆಲ್ಲ ಜಜ್ಜಿಹೋಗಿ, ಅಂಚು ಕಪ್ಪಾಗಿ, ದುಡಿದು ದಣಿದ ಮುಖ ಹೊತ್ತಿದ್ದವು. ಅವುಗಳ ನಡುವೆ ಇದೊಂದು ಎದ್ದು ಕಂಡಿತು. ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು. ಏನಪ್ಪಾ, ಇವತ್ತು ಕ್ಯಾನಿಗೆ ಮದುವೆಯಾ ಎಂದು ಹಿಂದಿನಿಂದ ಯಾರೋ ಕೇಳಿದರು. ಬಡಗಿ ಕಿವಿಯವರೆಗೂ ಕೆಂಪಾದ.

ಮೇಜಿನ ಹಿಂದೆ ನಿಂತು ಹಾಲು ಪರೀಕ್ಷೆ ಮಾಡುತ್ತಿದ್ದವಳನ್ನು ಊರು ಟೆಸ್ಟರಮ್ಮ ಎಂದು ಕರೆಯುತ್ತಿತ್ತು. ವಯಸ್ಸಿನಿಂದ ಬಂದ ‘ಅಮ್ಮ’ ಅಲ್ಲ, ಭಯದಿಂದ ಬಂದದ್ದು. ಪ್ರತಿ ಕ್ಯಾನಿನಿಂದ ಸೌಟಿನಲ್ಲಿ ಹಾಲೆತ್ತಿ ಮೂಸುತ್ತಿದ್ದಳು. ಅನುಮಾನ ಬಂದರೆ ಗಾಜಿನ ನಳಿಗೆಯಲ್ಲಿ ಚೂರು ಹಾಲು ಹಾಕಿ ದೀಪದ ಮೇಲೆ ಹಿಡಿಯುತ್ತಿದ್ದಳು. ಒಡೆದರೆ ಮುಚ್ಚಳದ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಒಂದು ಗೆರೆ. ಆ ಕ್ಯಾನು ತಪ್ಪಿಯೂ ಟ್ಯಾಂಕಿಗೆ ಸೇರಬಾರದೆಂದು ಆ ಗೆರೆ, ಅಷ್ಟೇ. ಆದರೆ ಅದನ್ನು ಹೊತ್ತು ಬೀದಿಯುದ್ದಕ್ಕೂ ನಡೆದು ಮನೆ ಸೇರಬೇಕಾದವರಿಗೆ ಹಣೆಯ ಮೇಲೇ ಎಳೆದ ಹಾಗಿರುತ್ತಿತ್ತು.

ಬಡಗಿಗೆ ಇದ್ದದ್ದು ಒಂದೇ ಹಸು. ದಿನವೂ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದ. ಹಿಂದೆ ಯಾರಾದರೂ ಬಂದರೆ ನೀವು ಹೋಗಿ, ನೀವು ಹೋಗಿ ಎಂದು ಮುಂದೆ ಬಿಟ್ಟುಬಿಡುತ್ತಿದ್ದ. ಎಲ್ಲರ ಹಾಲೂ ಮುಗಿದು ಅವನೊಬ್ಬನೇ ಉಳಿದಾಗ ಅವಳು ಸೌಟು ಅದ್ದುತ್ತಿದ್ದಳು, ಅವನು ಸೌಟು ಹಿಡಿದ ಕೈಯನ್ನು ನೋಡುತ್ತಿದ್ದ. ‘ಹಾಲನ್ನ ನಾನು ನೋಡ್ತೀನಿ, ನೀವು ಬೇರೆ ಏನಾದ್ರೂ ನೋಡಿ’ ಎಂದು ಅವಳು ಒಮ್ಮೆ ಗದರಿದ್ದಳು. ‘ಬೇರೆಯದನ್ನೇ ನೋಡ್ತಾ ಇದ್ದೆ’ ಎಂದು ಅವನು ಬಾಯಿ ತಪ್ಪಿ ಅಂದುಬಿಟ್ಟಿದ್ದ. ಆ ದಿನವೆಲ್ಲ ಅವಳು ಯಾರ ಮೇಲೂ ರೇಗಿರಲಿಲ್ಲ.

ಇವತ್ತು ಮಾತ್ರ ಅವನು ಕೊನೆಗೆ ನಿಲ್ಲದೆ ಸಾಲಿನ ನಡುವೆಯೇ ನಿಂತಿದ್ದ. ಸರದಿ ಬಂದಾಗ ಕ್ಯಾನು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ಮುಚ್ಚಳ ತೆಗೆದು, ಗಂಟಲು ಸರಿಮಾಡಿಕೊಂಡ.

‘ನಿಮ್ಮ ಹತ್ರ ಒಂದು ಮಾತು ಹೇಳೋದಿತ್ತು.’

ಅವಳು ತಲೆಯೆತ್ತಿ ನೋಡಿದಳು. ಒಗೆದು ಮಡಿಚಿಟ್ಟಿದ್ದ ಅಂಗಿ, ನೀರು ಹಚ್ಚಿ ಬಾಚಿದ ತಲೆ, ಉಗುರಿನ ಸಂದಿಯ ಮರದ ಪುಡಿಯನ್ನೂ ಬಿಡದೆ ತೊಳೆದ ಕೈ. ಆ ಮಾತು ಯಾವುದೆಂದು ತಿಳಿಯಲು ನಳಿಗೆ, ದೀಪ ಬೇಕಿರಲಿಲ್ಲ.

ಅವಳು ಸೌಟಿಗೆ ಕೈ ಹಾಕಿದಳು. ಮೂಸಿದಳು. ಏನೋ ಹುಳಿ. ದೀಪದ ಮೇಲೆ ಹಿಡಿದ ನಳಿಗೆಯಲ್ಲಿ ಹಾಲು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಗರಣೆಗರಣೆಯಾಗಿ ಒಡೆಯಿತು.

ಈಗಷ್ಟೇ ಕರೆದ ಹಾಲು ಎಂದು ಬಡಗಿ ಮೆಲ್ಲಗೆ ಅಂದ. ಅವಳು ‘ಒಡೆದಿದೆ’ ಎಂದು ಗೆರೆ ಎಳೆದಿದ್ದರೆ ಸಾಕಿತ್ತು. ದಿನಾ ಯಾರದ್ದಾದರೂ ಒಡೆಯುತ್ತಿತ್ತು, ದಿನಾ ಅಷ್ಟೇ ಹೇಳುತ್ತಿದ್ದಳು.

‘ಹೊರಗೆ ಹೊಳೆಸಿಬಿಟ್ರೆ ಒಳಗಿನ ಹುಳುಕು ಹೋಗುತ್ತಾ? ಒಂದು ಕ್ಯಾನು ತೊಳೆಯೋಕೆ ಬರದವರು ಹಸು ಯಾಕೆ ಕಟ್ಟಬೇಕು? ತಗೊಂಡು ಹೋಗಿ. ಇಂಥದ್ದನ್ನ ಇನ್ನು ನನ್ನ ಮುಂದೆ ತರಬೇಡಿ.’

ಸಾಲು ಗೊಳ್ಳೆಂದು ನಕ್ಕಿತು. ಹೊಳೆಯುವ ಮುಚ್ಚಳದ ಮೇಲೆ ಕೆಂಪು ಗೆರೆ ಬೇರೆ ಯಾವ ಮುಚ್ಚಳದ ಮೇಲೂ ಕಾಣದಷ್ಟು ಸ್ಪಷ್ಟವಾಗಿ ಕಂಡಿತು. ಬಡಗಿ ಕ್ಯಾನು ಎತ್ತಿಕೊಂಡ. ತಲೆ ತಗ್ಗಿಸಿ ಹೋದ.

ಮಾರನೆಯ ದಿನ ಅವನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಕಾಲುವೆಯಾಚೆಯ ಊರಿನ ಕೇಂದ್ರಕ್ಕೆ ಸೈಕಲ್ ಮೇಲೆ ಹಾಲು ಒಯ್ಯುತ್ತಿದ್ದಾನೆಂದು ಸಾಲಿನಲ್ಲಿ ಯಾರೋ ಹೇಳಿದರು. ಅಷ್ಟು ದೂರ ಯಾಕಪ್ಪ ಎಂದು ಇನ್ನೊಬ್ಬರು ಕೇಳಿದ್ದಕ್ಕೆ ಮತ್ತೊಬ್ಬರು ಟೆಸ್ಟರಮ್ಮನ ಕಡೆ ಕಣ್ಣು ಹಾಯಿಸಿದರು.

ಅವಳಿಗೆ ಮೈಯೆಲ್ಲ ಉರಿಯಿತು. ಹಾಲು ಒಡೆದದ್ದು ಸುಳ್ಳೇ? ಒಡೆದ ಹಾಲನ್ನು ಟ್ಯಾಂಕಿಗೆ ಸುರಿದು ಊರಿನವರ ಹಾಲನ್ನೆಲ್ಲ ಕೆಡಿಸಬೇಕಿತ್ತೇ? ಒಂದು ಮಾತಿಗೆ ಊರು ಬಿಟ್ಟು ಊರಿಗೆ ಹೋಗುವಷ್ಟು ತೆಳು ಚರ್ಮವೇ ಗಂಡಸಿಗೆ? ಆ ವಾರ ಸಾಲಿನವರೆಲ್ಲ ಅವಳ ಕೈಯಲ್ಲಿ ಬೈಸಿಕೊಂಡರು. ಸೌಟುಗಳು ಬಕೆಟ್ಟಿಗೆ ದಡಾರನೆ ಬಿದ್ದವು.

ಮನೆಯಲ್ಲಿ ಚಿಕ್ಕಮ್ಮ ಇದನ್ನೆಲ್ಲ ನೋಡಿಯೂ ನೋಡದಂತಿದ್ದಳು. ಕೊನೆಗೊಂದು ದಿನ, ಆ ಡ್ರೈವರ್ ಹೋದಾಗಲೂ ನೀನು ಪಾತ್ರೆಗಳ ಮೇಲೇ ಸಿಟ್ಟು ತೀರಿಸಿಕೊಂಡಿದ್ದೆ, ಅವತ್ತು ಸೊಟ್ಟಗಾದ ತಟ್ಟೆ ಇನ್ನೂ ಹಾಗೇ ಇದೆ ಎಂದಳು. ಟೆಸ್ಟರಮ್ಮ ಎದ್ದು ಹಿತ್ತಿಲಿಗೆ ಹೋದಳು.

ಆ ಡ್ರೈವರ್ ಹಾಲಿನ ಟ್ಯಾಂಕರ್ ತರುತ್ತಿದ್ದವನು. ಟ್ಯಾಂಕರ್ ತುಂಬುವವರೆಗೆ ಕಟ್ಟೆಯ ಮೇಲೆ ಕೂತು ಅವಳನ್ನು ನಗಿಸುತ್ತಿದ್ದ. ಹೊಸ ಮನೆಗೆ ಯಾವ ಬಣ್ಣ ಹೊಡೆಸೋಣ ಎಂದು ಕೇಳುವಷ್ಟು ದೂರ ಬಂದಿದ್ದ. ಆಮೇಲೆ ಒಂದು ಬೆಳಿಗ್ಗೆ, ಎಂಜಿನ್ ಕೂಡ ಆಫ್ ಮಾಡದೆ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಮನೆಯಲ್ಲಿ ಬೇರೆ ಕಡೆ ಮಾತಾಗಿದೆ ಎಂದು ಹೇಳಿ ಹೋಗಿದ್ದ. ಎಂಜಿನ್ ಸದ್ದಿಗೆ ಅವಳಿಗೆ ಸರಿಯಾಗಿ ಕೇಳಿಸದೆ ‘ಏನಂದ್ರಿ?’ ಎಂದು ಕೇಳಿದ್ದಳು. ಅವನು ಅದನ್ನೇ ಇನ್ನೂ ಜೋರಾಗಿ ಹೇಳಿದ್ದ. ಸಾಲಿನವರೆಲ್ಲ ಕೇಳಿಸಿಕೊಂಡಿದ್ದರು. ಆ ‘ಏನಂದ್ರಿ?’ ನೆನಪಾದಾಗ ಈಗಲೂ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು. ಅಂದಿನಿಂದ ಯಾರಾದರೂ ನಗುತ್ತ ಹತ್ತಿರ ಬಂದರೆ, ಅವರು ಮಾತು ತೆಗೆಯುವ ಮೊದಲೇ ಅವಳು ಬಾಗಿಲು ಹಾಕಿಬಿಡುತ್ತಿದ್ದಳು.

ಆ ವಾರ ಕಳೆದ ಮೇಲೆ ಕೇಂದ್ರ ತೊಳೆಯುವ ಹೊತ್ತಿಗೆ ಬಡಗಿಯ ಅಕ್ಕ ಬಂದಳು. ಗಂಡ ತೀರಿದ ಮೇಲೆ ತಮ್ಮನ ಮನೆಯಲ್ಲೇ ಇರುವವಳು. ಮೇಜಿಗೆ ಒರಗಿ ನಿಂತು, ಜಗಳಕ್ಕೆ ಬಂದಿದ್ದೇನೆ, ಕೂರುವುದಿಲ್ಲ ಎಂದು ಮೊದಲೇ ಹೇಳಿದಳು. ದಿನಾ ಕ್ಯಾನು ತೊಳೆಯುವುದು ತಾನು, ಒಂದು ದಿನವೂ ತನ್ನ ಕ್ಯಾನು ವಾಪಸ್ ಬಂದಿಲ್ಲ ಎಂದಳು. ಆ ದಿನ ತಮ್ಮ ಅದನ್ನು ತನ್ನ ಕೈಗೇ ಕೊಡಲಿಲ್ಲವಂತೆ. ಹಿಂದಿನ ಸಂಜೆಯಿಂದ ಬೂದಿ, ನಿಂಬೆಹಣ್ಣು ಹಿಡಿದು ಕೂತಿದ್ದನಂತೆ.

‘ಯಾಕೋ ಹೀಗೆ ತಿಕ್ತಿದ್ದೀಯ ಅಂದ್ರೆ, ಅವಳು ಬಗ್ಗಿ ನೋಡಿದ್ರೆ ಅವಳ ಮುಖ ಕಾಣಬೇಕು ಅಕ್ಕ ಅಂದ. ನೀನು ನಿನ್ನ ಮುಖಾನೂ ನೋಡಲಿಲ್ಲ, ಅವನ ಮುಖಾನೂ ನೋಡಲಿಲ್ಲ ಕಣಮ್ಮ. ನಗೆಪಾಟಲು ಮಾಡಿ ಕಳಿಸಿದೆ.’

ಅಕ್ಕ ಹೋದ ಮೇಲೆ ಟೆಸ್ಟರಮ್ಮ ಒದ್ದೆ ನೆಲದ ಮೇಲೆ ಪೊರಕೆ ಹಿಡಿದು ನಿಂತೇ ಇದ್ದಳು. ನಿಂಬೆಹುಳಿ. ಕ್ಯಾನಿನ ಮುಚ್ಚಳದೊಳಗೆ ಹಾಲು ಸೋರದಂತೆ ಒಂದು ರಬ್ಬರ್ ವಾಷರ್ ಇರುತ್ತದೆ. ಅದರಡಿ ಹುಳಿಯೋ ಹಳೆ ಹಾಲೋ ಉಳಿಯದಂತೆ ಅದನ್ನು ಕಿತ್ತು ತೊಳೆಯಬೇಕೆಂದು ಎಂದೂ ಪಾತ್ರೆ ತೊಳೆಯದ ಗಂಡಸಿಗೆ ಹೇಗೆ ಗೊತ್ತಾಗಬೇಕು? ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ಎರಡನ್ನೂ ತಳ್ಳಿಕೊಂಡು ಮತ್ತೆ ಸಿಟ್ಟೇ ಮುಂದೆ ಬಂತು. ಪೊರಕೆ ಮೂಲೆಗೆ ಎಸೆದು, ಕೈ ಕೂಡ ಒರೆಸಿಕೊಳ್ಳದೆ, ಬಡಗಿಯ ಕೆಲಸದ ಕೊಟ್ಟಿಗೆಗೆ ಹೊರಟಳು.

ಅವನು ಬಾಗಿಲಿನ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ಕಾಲ ಬಳಿ ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಮೊಣಕಾಲೆತ್ತರ ಬಿದ್ದಿತ್ತು. ಅವಳನ್ನು ಕಂಡೂ ಕೈ ನಿಲ್ಲಿಸಲಿಲ್ಲ.

‘ಕಾಲುವೆ ಆಚೆ ಹಾಲು ಚೆನ್ನಾಗಿ ಮೂಸ್ತಾರಾ?’

‘ಮೂಸ್ತಾರೆ. ಬೈಯಲ್ಲ.’

‘ಒಡೆದ ಹಾಲನ್ನ ಒಡೆದಿಲ್ಲ ಅನ್ನೋಕೆ ನನಗೆ ಬರಲ್ಲ.’

‘ಹಾಲಿನ ಮಾತು ಯಾರಾಡಿದ್ರು?’ ಗೊರಡು ಇನ್ನೊಂದು ಸಿಪ್ಪೆ ಎಬ್ಬಿಸಿತು. ‘ಹಾಲು ವಾಪಸ್ ಕಳಿಸೋದು ನಿಮ್ಮ ಕೆಲಸ. ಕಳಿಸಿ.’

‘ಹಾಗಿದ್ರೆ ಯಾಕೆ ಓಡಿಹೋದ್ರಿ? ಹೇಳೋದಿತ್ತು ಅಂದ್ರಲ್ಲ, ಹೇಳದೇ ಹೋದ್ರಲ್ಲ. ನಾನು ಏನಂತೀನಿ ಅಂತ ನನ್ನನ್ನ ಕೇಳಿದ್ರಾ? ನನ್ನ ಉತ್ತರಾನೂ ನೀವೇ ಕೊಟ್ಕೊಂಡು, ನೀವೇ ನೊಂದ್ಕೊಂಡು, ನೀವೇ ಕಾಲುವೆ ದಾಟಿದ್ರೆ ನಾನು ಯಾತಕ್ಕೆ ಬೇಕು ಅದರಲ್ಲಿ?’

ಗೊರಡು ನಿಂತಿತು. ಅವನು ತಿರುಗಿದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಈ ಮುಖ ಅವಳು ಕಂಡದ್ದೇ ಇಲ್ಲ.

‘ಮಾತು ಶುರು ಮಾಡಿದ್ದೆ. ನೀನು ಕೇಳಿಸ್ಕೊಂಡೆ. ಏನು ಹೇಳ್ತೀನಿ ಅಂತ ನಿನಗೆ ಗೊತ್ತಾಯ್ತು, ಅದು ನಿನ್ನ ಕಣ್ಣಲ್ಲೇ ಕಾಣ್ತು ನನಗೆ. ಆಮೇಲೆ ಹಾಲು ಒಡೀತು. ನಿಜ ಹೇಳು. ಒಡೆದಾಗ ನಿನಗೆ ಸಮಾಧಾನ ಆಯ್ತಾ, ಇಲ್ವಾ?’

‘ನೀವು’ ಹೋಗಿ ‘ನೀನು’ ಆದದ್ದು ಇಬ್ಬರ ಗಮನಕ್ಕೂ ಬಂತು. ಯಾರೂ ತಿದ್ದಲಿಲ್ಲ.

ಆಗಿತ್ತು. ನಳಿಗೆಯಲ್ಲಿ ಗರಣೆ ಎದ್ದಾಗ ಅವಳೊಳಗೆ ಏನೋ ಹಗುರಾಗಿತ್ತು, ಓಡಲು ಹಿಂಬಾಗಿಲು ಸಿಕ್ಕಿದವರ ಹಾಗೆ. ಒಡೆದ ಹಾಲು ನಿಜ. ಆಡಿದ ಮಾತು ಹಾಲಿಗಲ್ಲ. ಇದನ್ನು ಒಪ್ಪಿಕೊಳ್ಳುವುದಕ್ಕಿಂತ ಅವನ ಕೈಯ ಗೊರಡು ಕಿತ್ತುಕೊಂಡು ಗೋಡೆಗೆ ಎಸೆಯುವುದು ಸುಲಭವಾಗಿತ್ತು.

‘ಆಯ್ತು’ ಎಂದಳು. ದನಿ ಒರಟಾಗಿಯೇ ಇತ್ತು. ‘ಹೆದರಿದ್ದೆ. ಹೂಂ ಅಂದು, ನಾಳೆ ನೀನು ಬೇಡ ಅಂದ್ರೆ? ಇನ್ನೊಂದು ಸಲ ಆ ಸಾಲಿನ ಮುಂದೆ ನನ್ನ ಕೈಲಿ ನಿಲ್ಲೋಕಾಗಲ್ಲ. ಅದಕ್ಕೇ ನಿನ್ನನ್ನ ನಿಲ್ಲಿಸಿಬಿಟ್ಟೆ. ತಪ್ಪು. ದೊಡ್ಡ ತಪ್ಪು. ಆದ್ರೆ ನೀನು ಓಡಿದ್ದೂ ತಪ್ಪೇ.’

ಅವನು ಹಲಗೆಯ ಮೇಲೆ ಬೆರಳಾಡಿಸಿದ. ಸಿಟ್ಟಿನ ಭರದಲ್ಲಿ ಉಜ್ಜಿ ಉಜ್ಜಿ ಅದು ಒಂದು ಕಡೆ ತೆಳ್ಳಗಾಗಿಬಿಟ್ಟಿತ್ತು. ಇನ್ನು ಇದು ಯಾವ ಬಾಗಿಲಿಗೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರೂ ಆ ಹಲಗೆಯನ್ನೇ ನೋಡುತ್ತ ನಿಂತರು.

‘ಈಗ ಹೇಳಲಾ?’ ಎಂದ ಕೊನೆಗೆ.

‘ಇಲ್ಲಿ ಬೇಡ. ನಾನು ಬೈದದ್ದು ಎಲ್ಲರ ಮುಂದೆ. ಹೇಳೋದೂ ಅಲ್ಲೇ ಆಗಲಿ.’

‘ಅಲ್ಲಿ ನೀನು ಬೇಡ ಅಂದ್ರೆ?’

‘ಅನ್ನಬಹುದು’ ಎಂದಳು. ಬಾಗಿಲಲ್ಲಿ ತಿರುಗಿ, ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ನೋಟ ಉರಿಯುತ್ತಿತ್ತು, ತುಟಿಯ ಕೊನೆ ಮಾತ್ರ ಮಾತು ಕೇಳುತ್ತಿರಲಿಲ್ಲ. ‘ಹೆದರಿಕೆ ನನಗೊಬ್ಬಳಿಗೇ ಯಾಕಿರಬೇಕು?’

ಮಾರನೆಯ ಬೆಳಿಗ್ಗೆ ಅವನು ಸಾಲಿನ ನಡುವೆ ನಿಂತಿದ್ದ. ಅದೇ ಕ್ಯಾನು. ಹೊಳಪು ಸ್ವಲ್ಪ ಮಾಸಿತ್ತು, ಕೆಂಪು ಗೆರೆ ಒರೆಸಿದ ಜಾಗ ಇನ್ನೂ ನಸುಗೆಂಪಾಗಿತ್ತು. ಎಲ್ಲರಿಗೂ ಏನೋ ಗೊತ್ತಾಗಿತ್ತು, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಾಲು ಹಾಕಿದವರೂ ಮನೆಗೆ ಹೋಗದೆ ಕಟ್ಟೆಯ ಸುತ್ತ ಕೆಲಸವಿದ್ದವರ ಹಾಗೆ ಸುಳಿದಾಡಿದರು.

ಅವನು ಮುಚ್ಚಳ ತೆಗೆದ. ಅವಳು ಸೌಟು ಅದ್ದಿದಳು, ಮೂಸಿದಳು, ಮತ್ತೊಮ್ಮೆ ಮೂಸಿದಳು. ಅವನ ಮುಖದ ಬಣ್ಣ ಇಳಿಯಿತು. ನಳಿಗೆ ದೀಪದ ಮೇಲೆ ಹೋಯಿತು. ಸಾಲು ಉಸಿರು ಹಿಡಿಯಿತು. ಅವಳೂ ಹಿಡಿದಳು. ಒಡೆಯಬೇಡ ಎಂದು ಜೀವನದಲ್ಲಿ ಮೊದಲ ಸಲ ಹಾಲಿಗೆ ಒಳಗೊಳಗೇ ಹೇಳಿದಳು.

ಹಾಲು ಒಡೆಯಿತು.

ಅವಳ ಕೈ ಸೀಮೆಸುಣ್ಣದ ಕಡೆ ಹೋಗಿ ಅರ್ಧದಲ್ಲೇ ನಿಂತಿತು. ಸುಮ್ಮನೆ ಸರಿ ಎಂದು ಕ್ಯಾನು ಆಚೆ ತಳ್ಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇವತ್ತು ಸುಳ್ಳು ಹೇಳಿದರೆ, ಇನ್ನು ಮುಂದೆ ಆಡುವ ‘ಹೂಂ’ಗೂ ಬೆಲೆ ಇರುವುದಿಲ್ಲ. ಸೀಮೆಸುಣ್ಣ ಎತ್ತಿ ಮುಚ್ಚಳದ ಮೇಲೆ ಗೆರೆ ಎಳೆದಳು, ಅಂದು ಎಳೆದಷ್ಟೇ ನೇರವಾಗಿ.

‘ಒಡೆದಿದೆ. ಯಾರು ತೊಳೆದದ್ದು?’

‘ನಾನೇ’ ಎಂದ ಬಡಗಿ. ‘ನಿಂಬೆಹಣ್ಣು ಹಾಕಲಿಲ್ಲ. ಬರೀ ಬಿಸಿನೀರು.’

‘ಮುಚ್ಚಳದ ವಾಷರ್ ಕಿತ್ತು ತೊಳೆದೆಯಾ?’

‘ಅದನ್ನ ಕೀಳಬೇಕಾ?’

ಸಾಲು ಮತ್ತೆ ನಕ್ಕಿತು. ಈ ಸಲದ ನಗು ಬೇರೆ ಥರದ್ದು, ಆದರೂ ಅವನ ಕೈ ಕ್ಯಾನಿನ ಹಿಡಿಯ ಕಡೆ ಹೋಯಿತು, ಕಾಲು ಅರ್ಧ ತಿರುಗಿತು. ಅವಳು ಅದನ್ನು ಕಂಡಳು. ಆ ಅರ್ಧ ತಿರುಗಿದ ಕಾಲಿನ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

‘ವಾಪಸ್ ಹೋಗೋದು ಹಾಲು’ ಎಂದಳು ಎಲ್ಲರಿಗೂ ಕೇಳುವಂತೆ. ‘ನೀನಲ್ಲ. ನಿಂತ್ಕೋ.’

ಅವನು ನಿಂತ. ಹಿಡಿಯಿಂದ ಕೈ ತೆಗೆದ. ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈಗಳನ್ನು ಮೇಜಿನ ಅಂಚಿಗೆ ಊರಿದ. ಕಿವಿಯಿಂದ ಕತ್ತಿನವರೆಗೆ ಕೆಂಪಾಗಿದ್ದ. ನಿನ್ನ ಜೊತೆ ಬಾಳಬೇಕು ಅಂತಿದೀನಿ ಎಂದ. ಮೊದಲ ಸಲ ದನಿಯೇ ಹೊರಡಲಿಲ್ಲ.

‘ಏನಂದೆ?’ ಎಂದು ಅವಳು ಕೇಳಿದಳು. ಕೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಅದೇ ಕಟ್ಟೆ, ಅದೇ ಸಾಲು, ಅದೇ ಪ್ರಶ್ನೆ. ಆದರೂ ಕಣ್ಣು ಕೆಳಗೆ ಹಾಕಲಿಲ್ಲ.

ಅವನು ಇನ್ನೂ ಜೋರಾಗಿ ಹೇಳಿದ.

‘ಹೂಂ’ ಎಂದಳು ಟೆಸ್ಟರಮ್ಮ. ಆಮೇಲೆ ಅವನ ಕ್ಯಾನು ಎತ್ತಿ ಮೇಜಿನ ಕೆಳಗೆ, ತನ್ನ ಕಾಲ ಬಳಿ ಇಟ್ಟುಕೊಂಡಳು. ಸಾಲು ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರು, ವಾಷರ್ ಕೀಳುವುದು ಹೇಗೆಂದು ತೋರಿಸುತ್ತೇನೆ ಎಂದಳು. ಹಿಂದಿನವರ ಕಡೆ ತಿರುಗಿ, ಬಾಯಿ ಬಿಟ್ಟುಕೊಂಡು ನಿಂತರೆ ನಿಮ್ಮ ಹಾಲೂ ಒಡೆಯುತ್ತದೆ, ಮುಂದೆ ಬನ್ನಿ ಎಂದು ಗದರಿದಳು.

ಸೌಟು ಮುಂದಿನ ಕ್ಯಾನಿಗೆ ಇಳಿಯಿತು. ಬಡಗಿ ಸೌಟು ಹಿಡಿದ ಅವಳ ಕೈಯನ್ನು ನೋಡುತ್ತಿದ್ದ. ಬೇರೆ ಏನಾದರೂ ನೋಡು ಎಂದು ಅವಳು ಹೇಳಲಿಲ್ಲ.