ಸ್ಟೇಷನ್ನಿಗೆ ಐದು ನಿಮಿಷದ ಮನೆ

"ನಿಲ್ಲಿ ಅಲ್ಲೇ! ನಿಮಗೆ ಸ್ವಲ್ಪವಾದರೂ ಕನಿಕರ ಉಂಟಾ?"

ಉಪ್ಪಳದ ಅಂಚೆ ಕಚೇರಿಯ ಮೆಟ್ಟಿಲು ಇಳಿಯುತ್ತಿದ್ದ ಪೋಸ್ಟ್‌ಮ್ಯಾನ್ ಹರಿನಾಥ ಬೆಚ್ಚಿ ನಿಂತ. ಎದುರಿಗೆ ಬಿಳಿ ಸೀರೆಯ ಯುವತಿ. ಬಿಸಿಲಿಗೆ ಮುಖ ಕೆಂಪೇರಿದೆ, ಸೀರೆಯ ಅಂಚಿನಿಂದ ಮೊಳಕಾಲಿನವರೆಗೆ ಕೆಂಪು ಧೂಳು.

"ಎಂತ ಆಯ್ತು ಅಮ್ಮ?"

"ಎಂತ ಆಯ್ತಾ? ಬಾಡಿಗೆ ಮನೆ ಎಲ್ಲಿ ಉಂಟು ಅಂತ ಬೆಳಿಗ್ಗೆ ಕೇಳಿದ್ದಕ್ಕೆ ನೀವೇ ಅಲ್ವಾ ಹೇಳಿದ್ದು, ಇಲ್ಲೇ ಹತ್ತಿರ ಅಂತ? ಎರಡು ಗುಡ್ಡ ಹತ್ತಿ ಇಳಿದೆ ಮಾರಾಯ್ರೇ! ಮುಕ್ಕಾಲು ಗಂಟೆ!"

ಹರಿನಾಥ ತಲೆ ಕೆರೆದುಕೊಂಡ. ಪಾಪ, ಅವನು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಯಾರನ್ನು ದಾರಿ ಕೇಳಿದರೂ ಇದೇ ಉತ್ತರ. ದೂರ ಎಂದು ಹೇಳಿ ಬಂದವರ ಧೈರ್ಯ ಕೆಡಿಸುವುದು ಮರ್ಯಾದೆಯಲ್ಲ ಎಂದು ಎಲ್ಲರ ಎಣಿಕೆ. ಅದರಲ್ಲೂ ದಿನಕ್ಕೆ ಹತ್ತು ಮೈಲಿ ನಡೆಯುವ ಅಂಚೆಯವನಿಗೆ ಎರಡು ಗುಡ್ಡ ಯಾವ ಲೆಕ್ಕ?

"ತಪ್ಪಾಯ್ತು," ಎಂದ ಮೆಲ್ಲಗೆ. "ನಿಮಗೆ ಎಷ್ಟು ಹತ್ತಿರ ಬೇಕು?"

ಆ ಪ್ರಶ್ನೆಗೆ ಅವಳ ಸಿಟ್ಟು ಅರ್ಧ ಇಳಿಯಿತು. ಇಷ್ಟು ದಿನದಲ್ಲಿ ಇದನ್ನು ಕೇಳಿದವರು ಒಬ್ಬರೂ ಇರಲಿಲ್ಲ!

ಅವಳು ಜಲಜಾಕ್ಷಿ. ಎಣ್ಮಕಜೆಯವಳು. ಮಂಗಳೂರಿನಲ್ಲಿ ಹೆರಿಗೆ ದಾದಿಯ ಕೆಲಸ ಕಲಿತು ಬಂದವಳು. ಹಿಂದಿನ ಮಳೆಗಾಲದಲ್ಲಿ ಗುಡ್ಡದಾಚೆಯ ಕಿನ್ನಿ ಎಂಬವಳಿಗೆ ಹೆರಿಗೆ ನೋವು ಶುರುವಾದಾಗ, ಕಾರು ಕಳುಹಿಸುತ್ತೇವೆ ಎಂದು ಅವಳ ಮನೆಯವರು ಹೇಳಿಕಳುಹಿಸಿದರು. ಜಲಜಾಕ್ಷಿ ಬ್ಯಾಗು ಹಿಡಿದು ಕಾದಳು, ಕಾದಳು... ಕಾರು ಕೆಸರಿನಲ್ಲಿ ಹೂತಿತ್ತು. ಕೊನೆಗೆ ನಡೆದೇ ಹೋಗಿ ಮುಟ್ಟುವಾಗ ಕಿನ್ನಿ ಉಳಿದಿರಲಿಲ್ಲ.

ಅಂದೇ ಅವಳು ನಿಶ್ಚಯ ಮಾಡಿಬಿಟ್ಟಳು. ಇನ್ನು ಯಾರ ಕಾರಿಗೂ ಕಾಯುವುದಿಲ್ಲ. ಕಾಲು, ರೈಲು, ಬಸ್ಸು... ಇಷ್ಟರಲ್ಲೇ ಎಲ್ಲಿಗೂ ಮುಟ್ಟುವಂಥ ಊರು ಹುಡುಕಿ ಅಲ್ಲಿ ಮನೆ ಮಾಡುತ್ತೇನೆ!

ಅವಳದು ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಮನೆ. ಅಲ್ಲಿ ಸೋದರಮಾವ ವಾಸಪ್ಪನ ಮಾತೇ ಮಾತು. ಮಾವ ನಕ್ಕುಬಿಟ್ಟಿದ್ದರು.

"ಕಾರಿಲ್ಲದೆ ಎಂಥ ದಾದಿಯ ಕೆಲಸ ಮಗಳೇ? ಆಗಲಿ, ಮಳೆಗಾಲ ಹಿಡಿಯುವ ಮೊದಲು ಅಂಥ ಊರು ತೋರಿಸು. ಇಲ್ಲದಿದ್ದರೆ ಕಾರಿರುವ ಸುಕುಮಾರನನ್ನು ಮದುವೆ ಆಗು!"

ಉಳಿದದ್ದು ಮೂರೇ ತಿಂಗಳು.

ಇದನ್ನೆಲ್ಲ ಕೇಳಿದ ಹರಿನಾಥ ಒಂದೇ ಮಾತು ಹೇಳಿದ. "ಭಾನುವಾರ ನನಗೆ ರಜೆ. ಗಡಿಯಾರ ತರುತ್ತೇನೆ. ನಿಮ್ಮ ನಡಿಗೆಯಲ್ಲೇ ಅಳೆಯುವ."

ಅಳೆದರು ನೋಡಿ! ನಾಲ್ಕು ಭಾನುವಾರ ಅಳೆದರು. ಬಸ್ಸು ನಿಲ್ಲುವಲ್ಲಿಗೆ ಎಷ್ಟು ನಿಮಿಷ, ಔಷಧದ ಅಂಗಡಿಗೆ ಎಷ್ಟು... ಅವನು ಉದ್ದ ಕಾಲಿನವನು, ಅವಳಿಗಾಗಿ ಹೆಜ್ಜೆ ಚಿಕ್ಕದು ಮಾಡಿ ನಡೆಯುತ್ತಿದ್ದ. ದಾರಿಯಲ್ಲಿ ಅಜ್ಜಿಯರು ಅವನನ್ನು ಕರೆದು ಕಾಗದ ಓದಿಸಿಕೊಳ್ಳುತ್ತಿದ್ದರು. ದುಃಖದ ಸುದ್ದಿ ಇದ್ದರೆ ಅವನು ಅಲ್ಲೇ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ಏಳುತ್ತಿದ್ದ. ಜಲಜಾಕ್ಷಿ ನೋಡುತ್ತಿದ್ದಳು.

'ಅಯ್ಯೋ, ಇದೆಂತ ಆಗ್ತಾ ಉಂಟು ನನಗೆ...' ಮನಸ್ಸು ಕೇಳುತ್ತಿತ್ತು. ಶನಿವಾರವೇ ಸೀರೆ ಮಡಿಸಿಡುವುದು ಯಾಕೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು!

ನಾಲ್ಕನೇ ಭಾನುವಾರ ಪೇಟೆಯ ಹಿಂದೆ ಬಾವಿ ಇರುವ ಪುಟ್ಟ ಮನೆಯ ಮುಂದೆ ನಿಂತು ಅವಳು ಹೇಳಿದಳು, "ನನಗೆ ಉಪ್ಪಳವೇ ಸಾಕು ಅನ್ನಿಸ್ತದೆ."

ಹರಿನಾಥ ಗಡಿಯಾರವನ್ನು ಕಿಸೆಗೆ ಹಾಕಿದ.

"ಬೇಡ. ಉಪ್ಪಳ ನಿಮಗೆ ಆಗ್ಲಿಕ್ಕಿಲ್ಲ. ಮೇಲ್ ರೈಲುಗಾಡಿ ಇಲ್ಲಿ ನಿಲ್ಲುವುದಿಲ್ಲ, ದೊಡ್ಡ ಆಸ್ಪತ್ರೆ ಇಲ್ಲ. ಕಾಸರಗೋಡಿಗೆ ಹೋಗಿ. ಅಲ್ಲಿ ಎಲ್ಲ ಗಾಡಿ ನಿಲ್ತದೆ."

ಜಲಜಾಕ್ಷಿಗೆ ಎದೆಯಲ್ಲಿ ಏನೋ ಚುಚ್ಚಿತು. 'ಓಹೋ... ನಾನು ಈ ಊರಿನಲ್ಲಿರುವುದು ಇವರಿಗೆ ಬೇಡ. ನಾನೇ ಹುಚ್ಚಿ.'

"ದೊಡ್ಡ ಉಪಕಾರ ಆಯ್ತು," ಎಂದಳು. "ಇನ್ನು ನಿಮ್ಮ ಭಾನುವಾರ ಹಾಳು ಮಾಡುವುದಿಲ್ಲ."

ಅವಳು ತಿರುಗಿ ನಡೆದಳು. ಅವನು ಬಾವಿಯ ಕಟ್ಟೆ ಹಿಡಿದು ನಿಂತೇ ಇದ್ದ. ಒಂದು ಮಾತು ಆಡಬಾರದಿತ್ತೇ ಮಾರಾಯ! ಆಡಲಿಲ್ಲ.

ಸಿಟ್ಟಿನಲ್ಲಿ ಹೋದವಳಿಗೆ ಕಾಸರಗೋಡು ಇಷ್ಟವಾಗಿಬಿಟ್ಟಿತು! ಅದು ಇನ್ನೂ ಸಿಟ್ಟಿನ ವಿಷಯ. ಸ್ಟೇಷನ್ನಿಗೆ ಐದು ನಿಮಿಷ, ಆಸ್ಪತ್ರೆಗೆ ಹತ್ತು, ಬಸ್ಸು ಕೂಗಿದರೆ ಕೇಳುವಷ್ಟು ಹತ್ತಿರ. ತನ್ನದೇ ಹೆಸರಿನಲ್ಲಿ ಮನೆ ಹಿಡಿದಳು. ಎರಡು ತಿಂಗಳಲ್ಲಿ ಒಂಬತ್ತು ಹೆರಿಗೆ, ಒಂದಕ್ಕೂ ತಡವಾಗಲಿಲ್ಲ. ಪೇಟೆಯವರ ಬಾಯಲ್ಲಿ ಅವಳು ನರ್ಸಮ್ಮ ಆದಳು.

ಆದರೂ ಭಾನುವಾರ ಬಂದರೆ ಕಣ್ಣು ತುಂಬುತ್ತಿತ್ತು. 'ಹಾಳು ಮನುಷ್ಯ, ಸರಿಯಾದ ಊರನ್ನೇ ಹೇಳಿದ...'

ಮಳೆಗಾಲದ ಮೊದಲ ಮೋಡ ಕಟ್ಟಿದ ದಿನ ಬೆಳಿಗ್ಗೆ ಮನೆಯ ಮುಂದೆ ಕಾರಿನ ಹಾರ್ನ್ ಕೇಳಿಸಿತು. ವಾಸಪ್ಪ ಮಾವ ಇಳಿದರು. ಹಿಂದೆ ಮೀಸೆ ತೀಡುತ್ತ ಸುಕುಮಾರ.

"ಮನೆಯೇನೋ ಲಾಯ್ಕ ಉಂಟು," ಎಂದರು ಮಾವ. "ಆದರೆ ಅವಸರಕ್ಕೆ ಕಾರೇ ಆಗಬೇಕು ಮಗಳೇ. ಹಟ ಸಾಕು, ಹೊರಡು."

"ತಂತಿ!" ಹೊರಗಿನಿಂದ ಕೂಗು.

ಆ ಸ್ವರ! ಜಲಜಾಕ್ಷಿ ಬಾಗಿಲಿಗೆ ಓಡಿದಳು. ಖಾಕಿ ಅಂಗಿಯಲ್ಲಿ ಏದುಸಿರು ಬಿಡುತ್ತ ನಿಂತವನು ಹರಿನಾಥ!

"ನೀವು... ಇಲ್ಲಿ?"

"ಅದು ಆಮೇಲೆ. ಮೊದಲು ಓದಿ!"

ಕುಂಬಳೆಯಲ್ಲಿ ಗಂಡನ ಮನೆಯಲ್ಲಿದ್ದ ಅವಳ ಅಕ್ಕ ಅಮ್ಮಣ್ಣಿಗೆ ಹೆರಿಗೆ ನೋವು, ಸ್ಥಿತಿ ಕಷ್ಟ. ಜಲಜಾಕ್ಷಿ ಅದನ್ನು ಗಟ್ಟಿಯಾಗಿ ಓದಿದಳು. ಕಿನ್ನಿಯ ಮುಖ ಕಣ್ಣ ಮುಂದೆ ಬಂತು.

"ಕಾರು ಹತ್ತು!" ಮಾವ ಕೂಗಿದರು. "ಇನ್ನೆಂತ ಯೋಚನೆ?"

"ಗಾಡಿಗೆ ಏಳು ನಿಮಿಷ ಉಂಟು," ಎಂದ ಹರಿನಾಥ. "ನಿಮ್ಮ ನಡಿಗೆಗೆ ಐದು ಸಾಕು."

"ದಾರಿಯಲ್ಲಿ ಹೊಳೆ ಉಂಟು ಮಾವ! ಕಾರು ದಾಟಿಸುವ ಜಂಗಲ್ ದೋಣಿ ಆಚೆ ದಡದಲ್ಲಿದ್ದರೆ? ರೈಲಿಗೆ ಸೇತುವೆ ಉಂಟು. ನಾನು ಇನ್ನು ಕಾಯುವವಳಲ್ಲ!"

ಬ್ಯಾಗು ಹಿಡಿದು ನಡೆದೇಬಿಟ್ಟಳು. ಮಾವ ಸಿಟ್ಟಿನಿಂದ ಕಾರು ಹತ್ತಿದರು.

ಅರ್ಧ ಗಂಟೆಯಲ್ಲಿ ಅವಳು ಅಕ್ಕನ ಪಕ್ಕದಲ್ಲಿದ್ದಳು. ಮಗುವಿನ ಕಾಲು ಮುಂದೆ ಬರುತ್ತಿತ್ತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ... ಬೇಡ, ಆ ಮಾತೇ ಬೇಡ. ಕಲಿತದ್ದನ್ನೆಲ್ಲ ಕೈಗೆ ತಂದುಕೊಂಡು, ಹಲ್ಲು ಕಚ್ಚಿ ಕೆಲಸ ಮಾಡಿದಳು. ಕೊನೆಗೆ ಕೇಳಿಸಿತು ಅಳು! ಮನೆ ಹಾರಿಹೋಗುವಂಥ ಅಳು! ಹೆಣ್ಣು ಕೂಸು.

ಅಮ್ಮಣ್ಣಿ ತಂಗಿಯ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ಜಲಜಾಕ್ಷಿಯೂ ಅತ್ತಳು.

ಮಾವ ಬಂದದ್ದು ಎರಡು ಗಂಟೆ ಕಳೆದ ಮೇಲೆ. ನಡೆದುಕೊಂಡು! ಸಮುದ್ರದ ಇಳಿತಕ್ಕೆ ಹೊಳೆಯ ನೀರಿಳಿದು ಜಂಗಲ್ ದೋಣಿ ಮರಳಿಗೆ ಕೂತಿತ್ತು, ಅದರ ಮೇಲೆ ಕಾರು, ಕಾರಿನಲ್ಲಿ ಸುಕುಮಾರ. ಮಾವ ಪಂಚೆ ಎತ್ತಿಕಟ್ಟಿ ಸಣ್ಣ ದೋಣಿಯಲ್ಲಿ ದಾಟಿದ್ದರು.

ಅವರು ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡರು. ನಮ್ಮಲ್ಲಿ ಸಂತಾನ ಬೆಳೆಯುವುದೇ ಹೆಣ್ಣಿನಿಂದ. ಆಮೇಲೆ ಸೊಸೆಯ ತಲೆಯ ಮೇಲೆ ಕೈಯಿಟ್ಟರು.

"ನೀನು ಗೆದ್ದಿ ಮಗಳೇ. ಕಾರನ್ನು ನಂಬಿದ್ದರೆ ನಮ್ಮ ಮನೆ ಬೆಳಕೇ ಹೋಗ್ತಿತ್ತು. ಸುಕುಮಾರನಿಗೆ ನಾನೇ ಹೇಳ್ತೇನೆ."

ಸಂಜೆಯ ಗಾಡಿಯಲ್ಲಿ ಮಾವ, ಸೊಸೆ ಒಟ್ಟಿಗೆ ಕಾಸರಗೋಡಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನಲ್ಲಿ ಹರಿನಾಥ ನಿಂತಿದ್ದ. ಎಷ್ಟು ಗಾಡಿಯಿಂದ ಕಾಯುತ್ತಿದ್ದನೋ!

"ಅಕ್ಕ?"

"ತಾಯಿ, ಮಗು ಇಬ್ಬರೂ ಸುಖವಾಗಿದ್ದಾರೆ." ಅವಳು ಬ್ಯಾಗು ಕೆಳಗಿಟ್ಟಳು. "ಈಗ ಹೇಳಿ, ನೀವು ಇಲ್ಲಿ ಹೇಗೆ?"

"ನಿಮಗೆ ಕಾಸರಗೋಡು ಅಂತ ಹೇಳಿದ ಮರುದಿನವೇ ವರ್ಗ ಕೇಳಿ ಅರ್ಜಿ ಹಾಕಿದೆ. ನಿನ್ನೆ ಬಂದೆ."

"ಆವತ್ತೇ ಯಾಕೆ ಹೇಳಲಿಲ್ಲ? ನಾನು ಎಷ್ಟು ಅತ್ತಿದ್ದೇನೆ ಗೊತ್ತುಂಟಾ!"

"ಹೇಳಿದ್ದರೆ ನೀವು ನನಗಾಗಿ ಉಪ್ಪಳದಲ್ಲೇ ಉಳಿಯುತ್ತಿದ್ದಿರೋ ಏನೋ... ನನ್ನಿಂದಾಗಿ ನೀವು ಒಂದು ಹೆರಿಗೆಗೆ ತಡವಾದರೂ ನನಗೆ ಸಹಿಸ್ಲಿಕ್ಕೆ ಆಗ್ತಿರಲಿಲ್ಲ."

"ನಾನು ಉಳಿಯುತ್ತಿದ್ದೆ ಅಂತ ಅಷ್ಟು ಧೈರ್ಯವಾ ನಿಮಗೆ?"

"ಧೈರ್ಯ ಅಲ್ಲ," ಎಂದ ಹರಿನಾಥ. "ಆಸೆ. ಜಲಜಾಕ್ಷಿ, ನನಗೆ ನೀವು ಬೇಕು."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು.

ವಾಸಪ್ಪ ಮಾವ ಜೋರಾಗಿ ಕೆಮ್ಮಿದರು. "ನಿನ್ನ ಬರಿ ಯಾವುದು ಮಾರಾಯ?"

ಹರಿನಾಥನ ಮುಖ ಬಿಳಿಚಿತು. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲದ ಹೆಸರು, ಗೋತ್ರದ ಹಾಗೆ. ಇಬ್ಬರದೂ ಒಂದೇ ಆಗಿದ್ದರೆ ಅಣ್ಣ ತಂಗಿಯ ಲೆಕ್ಕ, ಮದುವೆಯ ಮಾತೇ ಇಲ್ಲ! ಇದನ್ನು ಅವನು ಯೋಚಿಸಿಯೇ ಇರಲಿಲ್ಲ.

"ಬೇರೆ ಬರಿ, ಮಾವ," ಎಂದಳು ಜಲಜಾಕ್ಷಿ ತಲೆ ತಗ್ಗಿಸಿ. "ಇವರು ಕಾಗದ ಓದಿಕೊಟ್ಟ ಉಪ್ಪಳದ ಪುಷ್ಪಾವತಿ ಅಜ್ಜಿಯ ಹತ್ತಿರ ಮೊದಲ ಭಾನುವಾರವೇ ಕೇಳಿಟ್ಟಿದ್ದೇನೆ."

"ಮೊದಲ ಭಾನುವಾರವೇ?!" ಹರಿನಾಥ ಬಾಯಿ ಬಿಟ್ಟ.

"ಹೂಂ. ಈಗ ನಡೀರಿ, ಮನೆ ನೋಡುವಿರಂತೆ."