ಶಶಿರೇಖಾಳ ಹದಿನಾಲ್ಕು ಕಂಪ್ಲೇಂಟು

"ಏನವ್ವಾ ಶಶೀ, ಬೆಳಿಗ್ಗೆ ಚೆನ್ನಾಗಿತ್ತಲ್ಲ ಮಿಷಿನ್ನು? ಈಗೇನು ದಾಡಿ ಬಂತು ಅದಕ್ಕೆ?" ಹಾಲಿನ ಕ್ಯಾನು ಕೆಳಗಿಟ್ಟು ಮುನಿತಾಯಮ್ಮ ಸೊಂಟದ ಮೇಲೆ ಕೈಯಿಟ್ಟಳು.

"ನಂಗೇನ್ ಗೊತ್ತಜ್ಜಿ? ಪ್ರಿಂಟರ್ ಕನೆಕ್ಟ್ ಆಗ್ತಿಲ್ಲ. ಚೀಟಿ ಕೈಯಲ್ಲೇ ಬರ್ಕೊಡ್ತೀನಿ, ತಗೋ," ಎಂದಳು ಶಶಿರೇಖಾ. ಮುಖ ನೋಡಿದರೆ ಏನೂ ಅರಿಯದ ಮಗು!

ನಂದಗುಡಿ ಪಕ್ಕದ ಆ ಹಳ್ಳಿಯ ಡೈರಿಯಲ್ಲಿ ಹಾಲು ಅಳೆದು ಚೀಟಿ ಕೊಡುವುದು ಅವಳ ಕೆಲಸ. ಚೀಟಿ ಬರಬೇಕಾದರೆ ಪ್ರಿಂಟರ್ ಬ್ಲೂಟೂತ್‌ನಲ್ಲಿ ಡೈರಿಯ ಟ್ಯಾಬ್‌ಗೆ ಸೇರಿಕೊಂಡಿರಬೇಕು. ಆದರೆ ಆ ಪ್ರಿಂಟರ್ ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಜಾತಿಯದು. ಯಾರಾದರೂ ಮೊದಲೇ ಹಿಡಿದುಕೊಂಡಿದ್ದರೆ ಇನ್ನೊಬ್ಬರನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. ಈಗ ಹಿಡಿದುಕೊಂಡಿದ್ದದ್ದು ರಿಜಿಸ್ಟರಿನ ಕೆಳಗೆ ಅಡಗಿದ್ದ ಶಶಿರೇಖಾಳದೇ ಫೋನು. ಕಳ್ಳಿ! ಕಂಪ್ಲೇಂಟ್ ಕೊಟ್ಟರೆ ಹೊಸಕೋಟೆಯಿಂದ ಬೈರೇಶ್ ರಿಪೇರಿಗೆ ಬರುತ್ತಾನೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಬರುತ್ತಿದ್ದ, ಪಾಪ. ಹೆಲ್ಮೆಟ್ ತೆಗೆದು ಬೆವೆತ ಕೂದಲು ಸವರಿಕೊಳ್ಳುತ್ತ, "ಏನ್ರೀ ಮೇಡಂ, ಮತ್ತೆ ಹೋಯ್ತಾ?" ಎನ್ನುತ್ತಿದ್ದ. ಅವನು ಪ್ರಿಂಟರ್ ಮುಂದೆ ಕೂತ ಮೇಲೆ ಇವಳು ಟೀ ತರುವ ನೆಪದಲ್ಲಿ ಒಳಗೆ ಹೋಗಿ ಫೋನಿನ ಬ್ಲೂಟೂತ್ ಆಫ್ ಮಾಡುತ್ತಿದ್ದಳು. ಲೋಟ ಕೊಡುವಾಗ ಬೆರಳಿಗೆ ಬೆರಳು ತಾಕುತ್ತಿತ್ತು. ಅವನು ತಲೆ ಎತ್ತುತ್ತಿದ್ದ, ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ತುಟಿಯ ಮೂಲೆಯ ನಗು ಮಾತ್ರ ಮುಚ್ಚಿಡಲು ಬರುತ್ತಿರಲಿಲ್ಲ.

ಮನೆಯಲ್ಲೂ ಇವರಿಬ್ಬರ ವಿಷಯ ಗೊತ್ತಿತ್ತು. ಅಪ್ಪ ಅಪ್ಪಯ್ಯಣ್ಣ ಖಡಾಖಂಡಿತವಾಗಿ ಹೇಳಿದ್ದ: "ಹುಡುಗ ನಮ್ಮೋನೇ, ಬೇಡ ಅನ್ನಲ್ಲ. ಕೆಲಸ ಪರ್ಮನೆಂಟ್ ಆಗ್ಲಿ, ಆಮೇಲೆ ಅವರಮ್ಮನ್ನ ಕರ್ಕೊಂಡು ಬರ್ಲಿ. ಇಲ್ಲಾಂದ್ರೆ ನಿನ್ನ ಕೇಳ್ಕೊಂಡು ಬಂದಿರೋ ಮಾಲೂರಿನೋರಿಗೆ ಹೂಂ ಅಂದ್ಬಿಡ್ತೀನಿ."

ಅವನ ಪರ್ಮನೆಂಟ್ ಆರ್ಡರ್ ಬರಬೇಕಿದ್ದ ವಾರವೇ ಶಶಿರೇಖಾ ಹದಿನಾಲ್ಕನೇ ಕಂಪ್ಲೇಂಟು ಕೊಟ್ಟಳು. ಸಿಹಿ ಸುದ್ದಿಯನ್ನು ಅವನ ಬಾಯಿಂದಲೇ ಕೇಳುವ ಆಸೆ ಅವಳಿಗೆ.

ಬೈರೇಶ್ ಬಂದ. ಹಾಲು ಹಾಕುವವರೆಲ್ಲ ಹೋಗುವ ತನಕ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಬಂದವನು ಪ್ರಿಂಟರ್ ಮುಟ್ಟಲಿಲ್ಲ.

"ಪರ್ಮನೆಂಟ್ ಆಗ್ಲಿಲ್ಲ ಶಶಿ. ಇದ್ದ ಕಾಂಟ್ರ್ಯಾಕ್ಟೂ ಮುಗಿಸಿದ್ರು."

"ಅಯ್ಯೋ! ಯಾಕಂತೆ?"

"ರಿಪೇರಿ ಮಾಡಿದ್ದೇ ಪದೇ ಪದೇ ಕೆಡ್ತಿದ್ರೆ, ಮಾಡಿದೋನಿಗೆ ಕೆಲಸ ಬರಲ್ಲ ಅಂತ ಅರ್ಥವಂತೆ. ಒಂದೇ ಡೈರಿಯಿಂದ ಹದಿನಾಲ್ಕು ಕಂಪ್ಲೇಂಟು."

ಶಶಿರೇಖಾ ರಿಜಿಸ್ಟರ್ ಎತ್ತಿ ಫೋನನ್ನು ಅವನ ಮುಂದಿಟ್ಟಳು. "ಮಿಷಿನ್‌ಗೆ ಏನೂ ಆಗಿರ್ಲಿಲ್ಲ ಬೈರೇಶ್. ನಾನೇ..."

"ಗೊತ್ತು."

"ಗೊತ್ತಾ?"

"ಎರಡನೇ ಸಲ ಬಂದಾಗ್ಲೇ. ಪ್ರಿಂಟರಿನ ನೀಲಿ ಲೈಟು ಮಿಟುಕದೆ ಉರೀತಿತ್ತು. ಯಾರಾದ್ರೂ ಹಿಡ್ಕೊಂಡಿದ್ರೆ ಮಾತ್ರ ಹಂಗೆ ಉರಿಯೋದು."

"ಮತ್ಯಾಕೆ ಹೇಳ್ಲಿಲ್ಲ? ಬಾಯಿರ್ಲಿಲ್ವಾ ನಿಂಗೆ?"

"ಹೇಳಿದ್ರೆ ನೀನು ಕರೀತಿರ್ಲಿಲ್ವಲ್ಲ." ಅವನು ನಗಲು ನೋಡಿದ, ಆಗಲಿಲ್ಲ. "ಮೇಲಿನೋರು ಎಣಿಸ್ತಿದಾರೆ ಅಂತ ನಂಗೂ ಗೊತ್ತಿರ್ಲಿಲ್ಲ ಕಣೆ."

ಶಶಿರೇಖಾ ಫೋನ್ ಎತ್ತಿ ಕಂಪ್ಲೇಂಟಿನ ನಂಬರಿಗೇ ಒತ್ತಿದಳು. "ಮೇಡಂ, ಆ ಹುಡುಗನ ತಪ್ಪೇನಿಲ್ಲ ಮೇಡಂ..." ಎಂದು ತೊದಲುವಷ್ಟರಲ್ಲಿ ಆ ಕಡೆಯವಳು, "ಹೊಸ ಕಂಪ್ಲೇಂಟಾ? ಬರ್ಕೊಳ್ಳಲಾ?" ಎಂದಳು. ಬೈರೇಶ್ ಮೆಲ್ಲಗೆ ಫೋನ್ ತೆಗೆದುಕೊಂಡು ಕಟ್ ಮಾಡಿದ.

"ಬೇಡ. ನಿನ್ ಕೆಲಸಾನೂ ಹೋಗುತ್ತೆ. ಸೋಮವಾರ ಮಾವನ ಜೊತೆ ಬೇರೆ ಕೆಲಸ ಹುಡುಕ್ಕೊಂಡು ರಾಯಚೂರಿಗೆ ಹೊರಟೆ. ನಿಮ್ಮಪ್ಪನ ಮುಂದೆ ಯಾವ ಮುಖ ಇಟ್ಕೊಂಡು ಬರ್ಲಿ ಹೇಳು?"

ಅವಳು ಅವನ ಶರ್ಟಿನ ತೋಳು ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ, ಅವಳೇ ಬಿಡುವ ತನಕ ನಿಂತ. ಆಮೇಲೆ ಬೈಕು ಹತ್ತಿ ಹೋದ.

ಅವಳು ಮನೆಗೆ ಬಂದಾಗ ಅಪ್ಪಯ್ಯಣ್ಣ ಹಸುವಿಗೆ ಹುಲ್ಲು ಹಾಕುತ್ತಿದ್ದ. "ಆ ಹುಡುಗಂದು ಆರ್ಡರ್ ಬಂತೇನವ್ವಾ?"

"ಇಲ್ಲಪ್ಪಾ. ಕೆಲಸದಿಂದ್ಲೇ ತೆಗೆದ್ರು."

"ತೆಗೀದೆ ಇನ್ನೇನು? ನಮ್ ಡೈರಿ ಮಿಷಿನ್ನೇ ಒಂದಿನಾನೂ ನೆಟ್ಟಗೆ ಮಾಡ್ಲಿಲ್ಲ. ಕೆಲಸ ಬರ್ದೋನು, ಬಿಡು ಅತ್ಲಾಗೆ. ಮಾಲೂರಿನೋರಿಗೆ ಫೋನ್ ಮಾಡ್ತೀನಿ."

"ಬರ್ತಿತ್ತಪ್ಪಾ ಅವನಿಗೆ, ಚೆನ್ನಾಗೇ ಬರ್ತಿತ್ತು. ಕೆಡಿಸ್ತಿದ್ದೋಳು ನಾನು," ಎಂದವಳೇ ಶಶಿರೇಖಾ ಅಪ್ಪನ ಮುಂದೆಯೇ ನೆಲಕ್ಕೆ ಕುಸಿದು, ಬಿಕ್ಕಿ ಬಿಕ್ಕಿ ಅತ್ತಳು.