ಕಣ್ಣು ಬರೆಯದ ಕುದುರೆ

“ಇದು ಕುದರಿ ಏನಲೇ, ಮೀರಾಸಾಬ? ಕೆಸರಾಗ ಹೊಳ್ಳ್ಯಾಡಿದ ಎಮ್ಮಿ ಐತಿ. ನಮ್ಮ ಚಾಂದನಿ ಹಾಲಿನಂಗ ಬೆಳ್ಳಗ ಐತಿ.”

ಬಸಲಿಂಗಪ್ಪಗೌಡರ ದನಿಗೆ ಪಡಸಾಲೆಯ ತಗಡು ಗುಂಯ್ ಎಂದಿತು. ಗಾಡಿ ಓಟದ ಶರ್ಯತ್ತಿನಲ್ಲಿ ಗೆದ್ದ ತಮ್ಮ ಕುದುರೆ ಚಾಂದನಿಯ ಚಿತ್ರ ಬರೆದುಕೊಡು ಎಂದು ಕೇಳಿದವರು ಅವರೇ. ಅಡುಗೆಮನೆ ಬಾಗಿಲ ಹಿಂದೆ ಮೀರಾಸಾಬನ ಮಗಳು ಮಹೇಕ್ ಅವಿತು ನಿಂತಿದ್ದಳು.

“ಗೌಡ್ರ, ಇದಿನ್ನೂ ಮೊದಲನೇ ಕೋಟ್,” ಅಬ್ಬಾನೂ ಬಿಡಲಿಲ್ಲ. “ಎಣ್ಣಿ ಬಣ್ಣ ಅಂದ್ರ ಹಿಂಗ. ಮೊದಲ ಕಂದು, ಆಮ್ಯಾಲ ಬಿಳಿ. ಹಂಚಿನ ಮ್ಯಾಗಿನ ರೊಟ್ಟಿ ನೋಡಿ, ಹಸಿ ಐತಿ ಅಂತ ಜಗಳಾ ತಗೀತಾರೇನ್ರಿ?”

“ರೊಟ್ಟಿ ಪಾಠ ನನಗ ಹೇಳಬ್ಯಾಡ. ಕಣ್ಣರ ಎಲ್ಲಿ ಅದಾವು ಇದಕ್ಕ?”

“ಕಣ್ಣ ಕಡೀಕ ಬರೀತೇನಿ. ಅಲ್ಲೀತನಕ ಯಾರೂ ನೋಡಬಾರದು ಅಂತನ ಅರಬಿ ಮುಚ್ಚಿದ್ದೆ. ನಿಮಗ ಯಾರ ಹೇಳಿದ್ರು?”

“ನಿನ್ನ ಮಗಳ. ನಮ್ಮ ಹುಡುಗ ಮಲ್ಲಿಕಾರ್ಜುನನ ಮುಂದ ಅಂದಾಳ, ನಮ್ಮ ಅಬ್ಬಾಗ ಅಂಗಡಿ ಬೋರ್ಡ್ ಅಷ್ಟ ಬರತೈತಿ, ಕುದರಿ ಬರೂದಿಲ್ಲ ಅಂತ. ಅದನ್ನ ಕೇಳೇ ಬಂದೇನಿ.”

ಅಬ್ಬಾ ಒಂದಕ್ಕೆ ನಾಲ್ಕು ಉತ್ತರ ಕೊಡುವ ಮನುಷ್ಯ. ಈಗ ಮಾತ್ರ ಕುಂಚವನ್ನು ಡಬ್ಬಿಯಲ್ಲಿ ನಿಲ್ಲಿಸಿ, ತಲೆ ತಗ್ಗಿಸಿ ನಿಂತ.

ಮಹೇಕ್‌ಳ ಕಿವಿ ಕಾದು ಕೆಂಪಾದವು. ನಿನ್ನೆ ಸಾಲಿ ಬಿಟ್ಟ ಮೇಲೆ ಮಲ್ಲಿಕಾರ್ಜುನ ಗೆಳೆಯರ ಜೊತೆ ಬಂದು, “ನಮ್ಮ ಚಾಂದನಿ ತೋರಸ, ಒಂದ ಸೆಕೆಂಡ್,” ಅಂದಿದ್ದ. ಅಬ್ಬಾ ಇರಲಿಲ್ಲ. ಮಹೇಕ್ ಜಂಬದಿಂದ ಚಿತ್ರದ ಮೇಲಿನ ಬಟ್ಟೆ ಎತ್ತಿದಳು.

“ಲೇ, ಕುರುಡ ಎಮ್ಮಿ,” ಅಂದ ಒಬ್ಬ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇನ್ನು ತನ್ನನ್ನೂ ನೋಡಿ ನಗುತ್ತಾರೆ ಅಂತ ಹೆದರಿ ಮಹೇಕ್ ತಾನೇ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುತ್ತಲೇ ಅಂಗಡಿ ಬೋರ್ಡಿನ ಆ ಮಾತು ಅಂದಳು.

ಗೌಡರು ಚಿತ್ರದ ಕುತ್ತಿಗೆಗೆ ಬೆರಳೊತ್ತಿದರು. ಹಸಿ ಬಣ್ಣ ಹತ್ತಿತು. ಅದನ್ನು ಗೋಡೆಗೆ ಒರೆಸಿ, “ನನಗ ಬ್ಯಾಡ ಇದು,” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಮಹೇಕ್ ಬರಿಗಾಲಲ್ಲಿ ಓಡಿದಳು. “ಕಾಕಾ, ನಾ ಸುಳ್ಳ ಹೇಳೀನ್ರಿ. ಅಬ್ಬಾಗ ಬರತೈತ್ರಿ.”

ಗೌಡರು ಬೈಕಿಗೆ ಕಿಕ್ ಹೊಡೆದರು. ಚಚಡಿ ಊರಿನ ರಸ್ತೆ ತುಂಬ ಧೂಳು ಎದ್ದಿತು. ಅವರು ತಿರುಗಿ ನೋಡಲಿಲ್ಲ.

ಒಳಗೆ ಬಂದಾಗ ಅಬ್ಬಾ ಬೆರಳಿನ ಗುರುತನ್ನು ಚಿಂದಿಯಿಂದ ತಿದ್ದುತ್ತಿದ್ದ. ಬೈಗುಳ ಬರುತ್ತದೆ ಅಂತ ಮಹೇಕ್ ಕಾದಳು. ಬೈದಿದ್ದರೆ ಚೆನ್ನಾಗಿತ್ತು.

“ಇನ್ನ ಯಾಕ ಬರೀತೀ ಅಬ್ಬಾ? ಅವರಿಗೆ ಬ್ಯಾಡಂತ.”

“ಕುದರಿ ಏನ ತಪ್ಪ ಮಾಡೇತಿ? ಕಣ್ಣ ಕೊಡದ ಹೆಂಗ ಬಿಡೂದು? ಬಾಗಲಾ ತಗಿ, ಬೆಳಕ ಬರ್ಲಿ.”

ಕಂದು ಒಣಗಲು ದಿನಗಳೇ ಹಿಡಿದವು. ಆಮೇಲೊಂದು ಮುಂಜಾನೆ ಅಬ್ಬಾ ಬೆನ್ನಿನ ಮೇಲೆ ಬಿಳಿಯ ಒಂದೇ ಗೆರೆ ಎಳೆದ. ಎಮ್ಮೆ ಹೋಯಿತು, ಚಾಂದನಿ ಎದ್ದು ನಿಂತಿತು. ಉಳಿದ ಮೈಗೆಲ್ಲ ಬಿಳಿ ಬಳಿದರೂ ಹೊಟ್ಟೆಯ ಕೆಳಗೆ, ಕಾಲ ಸಂದಿಯಲ್ಲಿ ಅಬ್ಬಾ ಬಿಳಿ ಹಚ್ಚಲೇ ಇಲ್ಲ. ಮಕ್ಕಳು ನಕ್ಕಿದ್ದ ಅದೇ ಕಂದು ಅಲ್ಲಿ ನೆರಳಾಗಿ ಕೂತಿತ್ತು.

ಹೊರಗೆ ಬೈಕಿನ ಸದ್ದಾದಾಗಲೆಲ್ಲ ಮಹೇಕ್ ಬಾಗಿಲಿಗೆ ಓಡುತ್ತಿದ್ದಳು. ಬೇರೆ ಯಾರದೋ ಬೈಕು. ಗೋಡೆಯ ಮೇಲಿನ ಕಲೆ ಹಾಗೇ ಇತ್ತು.

ಕಡೆಗೆ ಅಬ್ಬಾ ಕಣ್ಣು ಬರೆದ. ಕರಿ ಗುಡ್ಡೆಯಲ್ಲಿ ಸಾಸಿವೆಯಷ್ಟು ಬಿಳಿ ಇಟ್ಟು ಹಿಂದೆ ಸರಿದ.

“ನೋಡ ಬಾ, ಹೆಂಗ ಆಗೇತಿ?”

ಮಹೇಕ್ ಎದುರಿಗೆ ಬಂದಳು. ಚಾಂದನಿ ನೆಟ್ಟಗೆ ಅವಳನ್ನೇ ನೋಡುತ್ತಿತ್ತು.

“ಚಂದ ಆಗೇತಿ,” ಎಂದವಳೇ ಮೆಲ್ಲಗೆ ಅಬ್ಬಾನ ಬೆನ್ನ ಹಿಂದೆ ಸರಿದು ನಿಂತಳು.

ಗೌಡರು ಬರಲೇ ಇಲ್ಲ.